ಕಂಪನಿಗೇನು ಲಾಭ ಅಂತೀರಾ?

"ದುಡ್ಡು ಕೊಟ್ಟು ಕೌನ್ಸೆಲಿಂಗ್ ಮಾಡಿಸ್ತಾರಂತೆ. ಕಂಪನಿಗೇನು ಲಾಭ?" ಕಾಂಪೌಂಡಿನ ಆ ಕಡೆಯಿಂದ ಅಕ್ಕ ಕೇಳಿದರು. ಮಗಳು ಹೊಸ ಕೆಲಸಕ್ಕೆ ಸೇರಿದ್ದಾಳೆ. ಮನೇಲಿ ಜಗಳವಾದರೆ, ಸಾಲದ ಚಿಂತೆ ಹತ್ತಿದರೆ ಮಾತಾಡಿ ಅಂತ ಆಫೀಸಿನವರು ಒಂದು ನಂಬರ್ ಕೊಟ್ಟಿದ್ದಾರೆ.

ಲಾಭ ಇದೆ ಅಕ್ಕ. ಅಮೆರಿಕದಲ್ಲಿ 1940ರ ದಶಕದಲ್ಲೇ ಡುಪಾಂಟ್, ಈಸ್ಟ್‌ಮನ್ ಕೊಡಾಕ್‌ನಂಥ ಕಂಪನಿಗಳು ಕುಡಿತಕ್ಕೆ ಬಿದ್ದ ಕೆಲಸಗಾರರ ಕುಡಿತ ಬಿಡಿಸೋಕೆ ಕೈ ಹಾಕಿದವು. ಕೈ ಪಳಗಿದವನನ್ನು ಮನೆಗೆ ಕಳಿಸಿದರೆ ಹೊಸಬನನ್ನು ಹುಡುಕಬೇಕು, ಕಲಿಸಬೇಕು, ಅಲ್ಲಿಯವರೆಗೆ ಹಾಳಾಗೋ ಮಾಲನ್ನೂ ಸಹಿಸಬೇಕು. ರಜೆ ಹಾಕಿದವನ ಲೆಕ್ಕವಾದರೂ ಹಾಜರಿ ಪುಸ್ತಕದಲ್ಲಿ ಸಿಗುತ್ತೆ. ಮೈ ಇಲ್ಲಿ, ಮನಸ್ಸು ಇನ್ನೆಲ್ಲೋ ಅಂತ ಕೂತವನದು ಎಲ್ಲಿ ಸಿಗುತ್ತೆ? ಖಿನ್ನತೆ, ಆತಂಕಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನ ಕಳೆದುಕೊಳ್ಳುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

"ಹೇಳಿಕೊಂಡದ್ದೆಲ್ಲ ಮ್ಯಾನೇಜರ್ ಕಿವಿಗೆ ಬಿದ್ದರೆ?"

ಅಕ್ಕ ಸರಿಯಾದ ಜಾಗಕ್ಕೇ ಕೈಯಿಟ್ಟರು. ಸಾಮಾನ್ಯವಾಗಿ ಈ ಕೌನ್ಸೆಲಿಂಗನ್ನು ಹೊರಗಿನ ಸಂಸ್ಥೆಗೆ ವಹಿಸಿರುತ್ತಾರೆ. ಎಷ್ಟು ಜನ ಬಳಸಿದರು ಅನ್ನೋದು ಕಂಪನಿಗೆ ತಿಳಿಯುತ್ತೆ, ಯಾರು ಅನ್ನೋದು ತಿಳಿಯಬಾರದು. ಜೀವಕ್ಕೆ ಅಪಾಯ ಅಂತ ಕಂಡಾಗ ಮಾತ್ರ ಗುಟ್ಟು ಸಡಿಲಬಹುದು. ಒಂದು ಸಲ ಹೆಸರು ಹೊರಗೆ ಬಿತ್ತೋ, ಆಮೇಲೆ ಆ ನಂಬರಿಗೆ ಯಾರೂ ಫೋನ್ ಮಾಡಲ್ಲ, ಹಾಕಿದ ದುಡ್ಡೆಲ್ಲ ನೀರುಪಾಲು. ರಾತ್ರಿ ಹತ್ತರವರೆಗೆ ದುಡಿಸಿ, ಬೆಳಿಗ್ಗೆ ಕೌನ್ಸೆಲಿಂಗಿಗೆ ಹೋಗು ಅಂದರೂ ಅಷ್ಟೇ. ಕೆಲಸದ ಹೊರೆ ಇಳಿಸದೆ ಮಾತಿನಿಂದ ಮನಸ್ಸು ಹಗುರಾಗಲ್ಲ.

"ಸರಿ, ನಮ್ಮ ಬೀದಿಯಿಂದ ಪೀಣ್ಯಕ್ಕೆ, ಗಾರ್ಮೆಂಟ್ಸ್‌ಗೆ ಹೋಗೋ ಹುಡುಗೀರಿಗೆ?"

ನನ್ನ ಸಂಕಟವೂ ಅದೇ. 500 ಜನರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಸಣ್ಣ ಕಾರ್ಖಾನೆಯವರ ಕಷ್ಟ ಕೇಳೋರು ಯಾರು? 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಮ್ಮ ನಿಮ್ಹಾನ್ಸ್ ಮುಂದೆ ನಿಂತು ನಡೆಸೋದು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಹೊಲಿಗೆ ಮೆಷಿನ್ ನಿಂತರೆ ಮೆಕ್ಯಾನಿಕ್ ಓಡಿಬರುತ್ತಾನೆ. ಅದರ ಮುಂದೆ ಕೂತವಳು ವಾರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ "ಯಾಕಮ್ಮಾ, ಏನಾಯ್ತು?" ಅಂತ ಕೇಳೋಕೆ ಸೂಪರ್‌ವೈಸರಿಗೆ ಕಲಿಸಬೇಕು. ಅಕ್ಕಪಕ್ಕದ ಹತ್ತು ಕಾರ್ಖಾನೆಯವರು ಸೇರಿದರೆ ಒಬ್ಬ ಒಳ್ಳೇ ಆಪ್ತಸಮಾಲೋಚಕಿಯನ್ನು ಇಟ್ಟುಕೊಳ್ಳಬಹುದು. ದೊಡ್ಡ ಕಂಪನಿಗಳು ಲಾಭ ನೋಡಿಯೇ ಮಾಡೋದನ್ನ ಸಣ್ಣವರು ದಂಡ ಅಂತ ಯಾಕೆ ಅಂದುಕೊಳ್ಳಬೇಕು?