ಪಾಡ್-ಪೆಟ್ಟಿಗೆ ಮೀಮಾಂಸೆ

ವಿಷಯ

ಶಾಸ್ತ್ರಕಾರರು ಮೊದಲು ವಿಷಯ ಹೇಳುತ್ತಾರೆ, ಆಮೇಲೆ ಜಗಳಕ್ಕೆ ಇಳಿಯುತ್ತಾರೆ. ನಮ್ಮ ವಿಷಯ ಗಾಳಿ. ಹಳೆಯ ಬೈಕಿನ ಕಾರ್ಬೊರೇಟರ್‌ಗೆ ಅದು ಯಾವ ದಾರಿಯಿಂದ ಬರಬೇಕು? ಕಂಪನಿ ಕೊಟ್ಟ ದಾರಿ ಸೀಟಿನ ಕೆಳಗಿನ ಏರ್‌ಬಾಕ್ಸ್. ಒಂದು ಪೆಟ್ಟಿಗೆ, ಅದರೊಳಗೆ ಫಿಲ್ಟರ್, ಅಲ್ಲಿಂದ ಕಾರ್ಬೊರೇಟರ್ ಬಾಯಿಗೆ ರಬ್ಬರ್ ಬೂಟು. ಭಕ್ತರು ಮಾಡಿಕೊಂಡ ದಾರಿ ಇನ್ನೊಂದು. ಪೆಟ್ಟಿಗೆಯನ್ನು ಕಿತ್ತು ಅಟ್ಟಕ್ಕೆಸೆದು, ಕಾರ್ಬೊರೇಟರ್ ಬಾಯಿಗೇ ಕೆಂಪು ಪಾಡ್ ಫಿಲ್ಟರ್ ಸಿಕ್ಕಿಸಿ ಕ್ಲಾಂಪ್ ಬಿಗಿಯುವುದು.

ಲಕ್ಷಣಕ್ಕೆ ಲಕ್ಷ್ಯ ಬೇಕಲ್ಲ, ಎರಡನ್ನು ಆರಿಸಿದ್ದೇವೆ. ಒಂದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಇನ್ನೊಂದು, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100. ಎರಡೂ ಟೂ-ಸ್ಟ್ರೋಕ್, ಎರಡೂ ಕಾಲವಾದದ್ದು 1996ರಲ್ಲಿ, ಎರಡರ ಶ್ರಾದ್ಧಕ್ಕೂ ಮಾಲೀಕರು ಇನ್ನೂ ಒಪ್ಪಿಲ್ಲ. ಎಷ್ಟು ವರ್ಷವಾದರೆ ವಿಂಟೇಜ್ ಎಂಬ ಉಪವಿವಾದವೂ ಇದೆ. ಯಾವುದರ ಬಿಡಿಭಾಗ ಹುಡುಕಲು ಶೋರೂಮು ಬಿಟ್ಟು ಗುಜರಿಗೆ ಹೋಗಬೇಕೋ ಅದು ವಿಂಟೇಜ್ ಎಂದು ಲಕ್ಷಣ ಬರೆದು ಮುಂದೆ ಹೋಗೋಣ.

ಸಂಶಯ

ಎರಡೂ ದಾರಿಯಲ್ಲಿ ಬರುವುದು ಒಂದೇ ಗಾಳಿ. ಹಾಗಿದ್ದರೆ ಅಷ್ಟು ಓದಿದ ಎಂಜಿನಿಯರು ಅದಕ್ಕೆ ಅಡ್ಡವಾಗಿ ಪೆಟ್ಟಿಗೆಯನ್ನು ಯಾಕಿಟ್ಟ? ಅವನಿಗೆ ಹೊಳೆಯದೆ ಹೋದದ್ದು ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಹುಡುಗನಿಗೆ ಹೊಳೆಯಿತೆ?

ಪೂರ್ವಪಕ್ಷ

ಪಾಡ್ ಮತಸ್ಥರು ನಾಲ್ಕು ಹೇತುಗಳನ್ನು ಒಡ್ಡುತ್ತಾರೆ. ಮೊದಲನೆಯದು ಅನುಮಾನ: ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚು, ಪಾಡ್‌ನಲ್ಲಿ ಗಾಳಿ ಹೆಚ್ಚು, ಆದ್ದರಿಂದ ಪಾಡ್‌ನಲ್ಲಿ ಶಕ್ತಿ ಹೆಚ್ಚು. ಎರಡನೆಯದು ಶಬ್ದಪ್ರಮಾಣ. ಪಾಡ್ ಹಾಕಿ ಆಕ್ಸಿಲರೇಟರ್ ತಿರುವಿದರೆ ಸೀಟಿನಡಿಯಿಂದ ಗೊರಗೊರ ಸದ್ದು ಏಳುತ್ತದೆ. ‘ಹೆಂಗ್ ಎಳೀತದೆ ನೋಡು ಗುರು’ ಎಂಬುದು ಈ ಮತದ ಆಪ್ತವಾಕ್ಯ. ಎಳೆಯುತ್ತಿರುವುದು ಗಾಳಿಯನ್ನೋ ಗಾಡಿಯನ್ನೋ ಎಂದು ಕೇಳಿದರೆ ಆಪ್ತರು ಮೌನ ತಾಳುತ್ತಾರೆ. ಮೂರನೆಯದು ಸೌಂದರ್ಯ: ಪೆಟ್ಟಿಗೆ ಹೋದರೆ ಸೀಟಿನ ಕೆಳಗೆ ಖಾಲಿ ಜಾಗ ಕಾಣುತ್ತದೆ, ಗಾಡಿ ಕೆಫೆ ರೇಸರ್ ಅನ್ನಿಸಿಕೊಳ್ಳುತ್ತದೆ. ನಾಲ್ಕನೆಯದನ್ನು ಅವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ರಬ್ಬರ್ ಬೂಟು ಕಲ್ಲಾಗಿ ಸೀಳಿದೆ, ಹೊಸದು ಸಿಗುತ್ತಿಲ್ಲ. ನಾಲ್ಕರಲ್ಲಿ ನಿಜವಾದ ಕಾರಣ ಇದೊಂದೇ, ಆದ್ದರಿಂದಲೇ ಇದನ್ನು ಕೊನೆಗೆ ಇಟ್ಟಿದ್ದಾರೆ.

ಇವರಲ್ಲದೆ ಚಾರ್ವಾಕರೆಂಬ ಸಣ್ಣ ಪಂಗಡವೊಂದಿದೆ. ಪಾಡೂ ಬೇಡ, ಪೆಟ್ಟಿಗೆಯೂ ಬೇಡ, ಬಾಯಿ ಬಿಟ್ಟ ಕಾರ್ಬೊರೇಟರೇ ಸಾಕು, ಇರುವಷ್ಟು ದಿನ ಪಿಕಪ್ಪೇ ಸುಖ ಎಂಬುದು ಇವರ ದರ್ಶನ. ಇವರು ಪುನರ್ಜನ್ಮವನ್ನು ನಂಬುವುದಿಲ್ಲ. ಪಿಸ್ಟನ್ ಮತ್ತು ಬೋರ್ ಮಾತ್ರ ಮೇಲಿಂದ ಮೇಲೆ ಹುಟ್ಟಿ ಬರಬೇಕಾಗುತ್ತದೆ.

ಉತ್ತರಪಕ್ಷ

ಮೊದಲು ಲೆಕ್ಕ. ಆರ್‌ಎಕ್ಸ್ 100ರ ಸಿಲಿಂಡರು 98 ಸಿಸಿ. ಟೂ-ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉಸಿರೆಳೆಯುವುದರಿಂದ, ನಿಮಿಷಕ್ಕೆ 7500 ಸುತ್ತಿನಲ್ಲಿ ಸೆಕೆಂಡಿಗೆ 125 ಉಸಿರು. ಪ್ರತಿ ಉಸಿರೂ ಪೂರ್ತಿ ತುಂಬಿತೆಂದರೂ ಸೆಕೆಂಡಿಗೆ ಸುಮಾರು 12 ಲೀಟರ್ ಗಾಳಿ. ಅದನ್ನು ಅಳೆದು ಪೆಟ್ರೋಲ್ ಬೆರೆಸುವುದು ಕಾರ್ಬೊರೇಟರಿನ ಕೆಲಸ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಏರಿದರೆ ಒತ್ತಡ ಇಳಿಯುತ್ತದೆ ಎಂಬ ತತ್ವವನ್ನು ಬೆರ್ನೂಲಿ 1738ರ ಗ್ರಂಥದಲ್ಲೇ ಪ್ರತಿಪಾದಿಸಿದ. ಇಳಿದ ಆ ಒತ್ತಡವೇ ಜೆಟ್ಟಿನಿಂದ ಪೆಟ್ರೋಲನ್ನು ಮೇಲೆಳೆಯುವುದು. ಪೆಟ್ಟಿಗೆ ಒಡ್ಡುವ ತಡೆಯನ್ನೂ ಲೆಕ್ಕಕ್ಕೆ ಹಿಡಿದೇ ಕಂಪನಿ ಜೆಟ್ಟಿನ ಅಳತೆ ಗೊತ್ತು ಮಾಡಿರುತ್ತದೆ. ಪೆಟ್ಟಿಗೆ ತೆಗೆದು ಜೆಟ್ಟನ್ನು ಹಾಗೇ ಬಿಟ್ಟರೆ ಗಾಳಿ ಹೆಚ್ಚಿತು, ಪೆಟ್ರೋಲ್ ಅದಕ್ಕೆ ತಕ್ಕಷ್ಟು ಹೆಚ್ಚಲಿಲ್ಲ. ಮೆಕ್ಯಾನಿಕ್ಕುಗಳು ಇದಕ್ಕೆ ‘ಲೀನ್ ಓಡ್ತಿದೆ’ ಎನ್ನುತ್ತಾರೆ.

ಲೀನ್ ಓಡುವ ಎಂಜಿನ್ ಕಾಯುತ್ತದೆ. ಯೆಜ್ಡಿಯಲ್ಲಿ ದೋಷ ಇಮ್ಮಡಿ. ಅದರ 2ಟಿ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಬರುತ್ತದೆ, ಆದ್ದರಿಂದ ಗಾಳಿಗೆ ತಕ್ಕ ಪೆಟ್ರೋಲ್ ಬರಲಿಲ್ಲ ಎಂದರೆ ಆಯಿಲೂ ಬರಲಿಲ್ಲ ಎಂದೇ ಅರ್ಥ. ಮುಂದಿನದು ಸೀಜ್. ಅದಕ್ಕೆ ಪ್ರಮಾಣ ಬೇಡ, ಹಿಂದಿನ ಚಕ್ರ ತಾನಾಗಿ ನಿಂತು ಹೇಳುತ್ತದೆ.

ಇಲ್ಲಿ ಪ್ರತ್ಯಕ್ಷಪ್ರಮಾಣವನ್ನು ಸ್ವೀಕರಿಸತಕ್ಕದ್ದು. ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಹಿಡಿದ ಕ್ಷಣವೇ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಕಾಫಿ ಬಣ್ಣಕ್ಕಿದ್ದರೆ ಸರಿ. ಕಪ್ಪಗೆ ಜಿಡ್ಡಾಗಿದ್ದರೆ ರಿಚ್. ಸುಣ್ಣದಂತೆ ಬೆಳ್ಳಗಿದ್ದರೆ, ಸುತ್ತ ನಿಂತವರು ಸದ್ದನ್ನು ಎಷ್ಟೇ ಹೊಗಳುತ್ತಿರಲಿ, ಗಾಡಿಯನ್ನು ತಳ್ಳಿಕೊಂಡು ಮನೆಗೆ ಹೋಗಿ. ಪರಿಹಾರ ಉಂಟು. ಮೇನ್ ಜೆಟ್ಟನ್ನು ಒಂದೊಂದೇ ಅಳತೆ ದೊಡ್ಡದು ಮಾಡುತ್ತ, ನೀಡಲ್ಲಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ಪ್ರತಿ ಸಲವೂ ಪ್ಲಗ್ ನೋಡಬೇಕು.

ಪೆಟ್ಟಿಗೆಯದು ಧೂಳು ತಡೆಯುವ ಕೆಲಸ ಮಾತ್ರವಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದು ತನ್ನದೇ ಶ್ರುತಿಯಲ್ಲಿ ಕೂಗುತ್ತದಲ್ಲ, ಆ ಅನುರಣನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಿವರಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಪೆಟ್ಟಿಗೆಯ ಗಾತ್ರ, ಕೊಳವೆಯ ಉದ್ದ ಎಲ್ಲವೂ ಎಂಜಿನ್ನಿನ ಉಸಿರಿಗೆ ಹೊಂದುವಂತೆ ಮಾಡಿದವು. ಅವನ್ನು ಕಿತ್ತರೆ ಮೇಲಿನ ವೇಗದಲ್ಲಿ ಒಂದಿಷ್ಟು ಲಾಭವಾದರೂ ಆದೀತು, ಆದರೆ ಮಧ್ಯದಲ್ಲಿ, ಅಂದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮನುಷ್ಯ ನಿಜವಾಗಿ ಗಾಡಿ ಓಡಿಸುವ ಕಡೆ, ಎಳೆತ ಕುಸಿಯುತ್ತದೆ. ಅಗ್ಗದ ಪಾಡ್‌ಗಳದು ಇನ್ನೊಂದು ಕಿತಾಪತಿ. ಕಾರ್ಬೊರೇಟರ್ ಬಾಯಿಯ ಅಂಚಿನಲ್ಲಿ ಐಡ್ಲಿಂಗ್‌ಗೆ ಗಾಳಿ ಕೊಡುವ ಸಣ್ಣ ತೂತಿರುತ್ತದೆ. ಪಾಡ್‌ನ ದಪ್ಪ ರಬ್ಬರ್ ತುಟಿ ಅದನ್ನು ಮುಚ್ಚಿಬಿಟ್ಟರೆ ಗಾಡಿ ಸಿಗ್ನಲ್ಲಿನಲ್ಲಿ ಕೆಮ್ಮಿ ಆರುತ್ತದೆ. ಮಾಲೀಕ ಪ್ಲಗ್ ಬದಲಿಸುತ್ತಾನೆ, ಕಾಯಿಲ್ ಬದಲಿಸುತ್ತಾನೆ, ಕೊನೆಗೆ ಮೆಕ್ಯಾನಿಕ್ಕನ್ನೂ ಬದಲಿಸುತ್ತಾನೆ. ತುಟಿಯನ್ನು ಮಾತ್ರ ಮುಟ್ಟುವುದಿಲ್ಲ.

ದೇಶಕಾಲ ವಿಚಾರವೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿ ಅಂಚಿಗೆ ಟ್ಯೂನ್ ಮಾಡಿದ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ದಪ್ಪ ಗಾಳಿ ಸಿಕ್ಕಿ ಇನ್ನಷ್ಟು ಲೀನ್ ಆಗುತ್ತದೆ. ಜುಲೈನಲ್ಲಿ ಆಗುಂಬೆಯ ಕಡೆ ಹೊರಟರೆ ಹಿಂದಿನ ಚಕ್ರ ಎರಚುವ ನೀರೆಲ್ಲ ಬರಿಮೈಯ ಪಾಡ್‌ಗೆ ಅಭಿಷೇಕ. ಬಳ್ಳಾರಿಯ ಅದಿರು ರಸ್ತೆಯ ಕೆಂಪು ಧೂಳಿನಲ್ಲಿ ಅದರ ಕೆಂಪು ಬಣ್ಣಕ್ಕೊಂದೇ ಭಂಗವಿಲ್ಲ.

ನಿರ್ಣಯ

ಪೆಟ್ಟಿಗೆ ಗಟ್ಟಿಯಿದ್ದವರು ಅದನ್ನು ಮುಟ್ಟತಕ್ಕದ್ದಲ್ಲ. ಸ್ಪಂಜಿನ ಫಿಲ್ಟರಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಎಣ್ಣೆ ಸವರಿ ಹಾಕಿದರೆ ‘ಪಿಕಪ್ ಇಲ್ಲ’ ಎಂಬ ದೂರಿನಲ್ಲಿ ಅರ್ಧ ಅಲ್ಲೇ ಇತ್ಯರ್ಥ. ಪೆಟ್ಟಿಗೆ ಒಡೆದು ಬೂಟು ಎಲ್ಲೂ ಸಿಗದವರಿಗೆ, ರೇಸಿಗೆ ಇಳಿಯುವವರಿಗೆ ಪಾಡ್ ವಿಹಿತ, ಅದೂ ಜೆಟ್ ಸಮೇತ. ಬರೀ ಸದ್ದಿಗಾಗಿ ಹಾಕುವವರ ವಿಷಯದಲ್ಲಿ ಶಾಸ್ತ್ರ ಸುಮ್ಮನಿದೆ, ಪಕ್ಕದ ಮನೆಯವರು ಸುಮ್ಮನಿಲ್ಲ. ಆದುದರಿಂದ ಪಾಡ್ ಕೊಳ್ಳುವ ದಿನವೇ ನಾಲ್ಕು ಅಳತೆಯ ಮೇನ್ ಜೆಟ್ಟನ್ನೂ ಕೊಳ್ಳಿ. ಅಷ್ಟು ತಾಳ್ಮೆ ಇಲ್ಲವೆಂದಾದರೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇವತ್ತೇ ಇಳಿಸಿ.