ಪ್ಲಗ್ಗಿಲ್ಲದ ಕಾರೂ ಓನರ್ ಆಂಟಿಯ ಮೀಟರೂ

ನಮ್ಮ ಬಸವೇಶ್ವರನಗರದಲ್ಲಿ ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ಸಲಹೆಗಳು ಶುರುವಾಗುತ್ತವೆ. ಪೆಟ್ರೋಲ್ ಕಾರು ತಂದರೆ "ಡೀಸೆಲ್ ತಗೋಬೇಕಿತ್ತು" ಎನ್ನುತ್ತಾರೆ. ಡೀಸೆಲ್ ತಂದರೆ "ಸಿಎನ್‌ಜಿ ಬಂದಿದೆಯಲ್ಲ" ಎನ್ನುತ್ತಾರೆ. ನಾನು ಹೈಬ್ರಿಡ್ ತಂದೆ. ಯಾವ ಸಲಹೆ ಕೊಡಬೇಕೆಂದು ತೋಚದೆ ಬೀದಿಯವರು ಕಾರಿಗೆ ಪ್ರದಕ್ಷಿಣೆ ಹಾಕಿ, ಬಗ್ಗಿ, ಇಣುಕಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಪ್ಲಗ್ ಎಲ್ಲಿ?"

ಪ್ಲಗ್ ಇಲ್ಲ, ಬ್ರೇಕ್ ಒತ್ತಿದಾಗ, ಇಳಿಜಾರು ಇಳಿಯುವಾಗ, ಎಂಜಿನ್ನಿಗೆ ಪುರುಸೊತ್ತಾದಾಗ ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ ಎಂದು ವಿವರಿಸಿದೆ. ಕೆಂಗೇರಿಯಿಂದ ಕಾರು ನೋಡಲೆಂದೇ ಬಂದಿದ್ದ ನಮ್ಮ ಭಾವ ಕಾಫಿ ಲೋಟ ಕೆಳಗಿಟ್ಟರು. "ಅಂದ್ರೆ ಬ್ಯಾಟರಿ ಇದೆ, ಮೋಟಾರ್ ಇದೆ, ಕರೆಂಟ್ ಮಾತ್ರ ಪೆಟ್ರೋಲಿಂದಾನೇ ಬರಬೇಕು. ಮನೇಲಿ ಕಾವೇರಿ ನಲ್ಲಿ ಇಟ್ಕೊಂಡು ಟ್ಯಾಂಕರ್ ನೀರು ತರಿಸಿದ ಹಾಗಾಯ್ತಲ್ಲಪ್ಪ!"

ಭಾವನಿಗೆ ಈ ಕಾರಿನ ಮೇಲೆ ತವರಿನ ಹಕ್ಕಿದೆ. ಅದು ಹುಟ್ಟಿದ್ದು ಅವರ ಮನೆಯಿಂದ ಮೈಸೂರು ರಸ್ತೆ ಹಿಡಿದರೆ ಸಿಗುವ ಬಿಡದಿಯಲ್ಲಿ. ಟೊಯೋಟಾದ ಕಾರ್ಖಾನೆ ಅಲ್ಲಿ ಕಾರು ಕಟ್ಟಲು ಶುರುಮಾಡಿದ್ದು 1999ರ ಕೊನೆಗೆ. ಹೈಬ್ರಿಡ್ ಕ್ಯಾಮ್ರಿ ಅಲ್ಲೇ 2013ರಲ್ಲಿ ಬಂತು, ನಮ್ಮಂಥವರ ಕೈಗೆಟುಕುವ ಹೈರೈಡರ್ 2022ರಲ್ಲಿ. ಕಂಪನಿ ಹೇಳುವ ಮೈಲೇಜು ಲೀಟರಿಗೆ 27.97 ಕಿ.ಮೀ. ಈ ದಶಮಾಂಶದ ಆಚೆಯ 97ಕ್ಕೆ ಮರುಳಾಗಿ ಕೊಂಡವರಲ್ಲಿ ನಾನೂ ಒಬ್ಬ. ಪಶ್ಚಿಮ ಬೆಂಗಳೂರಿನ ಟ್ರಾಫಿಕ್ಕು ಹೈಬ್ರಿಡ್‌ಗೆಂದೇ ದೇವರು ಮಾಡಿದ್ದು. ಸುಮನಹಳ್ಳಿ ಜಂಕ್ಷನ್ನಿನಲ್ಲಿ, ನಾಯಂಡಹಳ್ಳಿಯಲ್ಲಿ, ಮಾಗಡಿ ರಸ್ತೆಯ ಉದ್ದಕ್ಕೂ, ಎಲ್ಲರ ಎಂಜಿನ್ನು ಪೆಟ್ರೋಲು ಕುಡಿಯುತ್ತ ನಿಂತಿದ್ದರೆ ನಮ್ಮದು ಉಸಿರು ಬಿಗಿಹಿಡಿದು ತೆವಳುತ್ತದೆ. ಸದ್ದಿಲ್ಲದ ಕಾರಣ ಮುಂದಿನ ಸ್ಕೂಟರಿನವರಿಗೆ ನಾವು ಬಂದದ್ದೇ ತಿಳಿಯುವುದಿಲ್ಲ ಅನ್ನುವುದೊಂದು ಬೇರೆ ಕಥೆ.

ಆದರೂ ಭಾವನ ಟ್ಯಾಂಕರ್ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಕಾಮಾಕ್ಷಿಪಾಳ್ಯದ ಒಬ್ಬ ಮೆಕ್ಯಾನಿಕ್ಕನ್ನು ಕೇಳಿದೆ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳಲ್ಲಿ ಆಗುವುದಿಲ್ಲ ಎಂಬ ಮಾತೇ ಹುಟ್ಟುವುದಿಲ್ಲ. ಆತ ಡಿಕ್ಕಿ ತೆಗೆದು ನೋಡಿ, "ಏನಿಲ್ಲ ಸಾರ್, ಇಲ್ಲೊಂದು ದೊಡ್ಡ ಬ್ಯಾಟರಿ ಕೂರಿಸಿ, ಬಂಪರ್ ಹತ್ರ ಒಂದು ಸಾಕೆಟ್ ಕೊಟ್ಬಿಟ್ರೆ ಮುಗೀತು. ಯುಪಿಎಸ್ ಕನೆಕ್ಷನ್ ಇದ್ದಂಗೆ" ಎಂದ.

ಅವನ ಮಾತಿನಲ್ಲಿ ವಿಜ್ಞಾನದ ತಪ್ಪೇನೂ ಇರಲಿಲ್ಲ. ನನ್ನ ಕಾರಿನ ಈಗಿನ ಬ್ಯಾಟರಿ ಹಿಡಿಯುವುದು 0.76 ಕಿಲೋವಾಟ್ ಅವರ್. ಬೆಸ್ಕಾಂ ಭಾಷೆಯಲ್ಲಿ ಹೇಳಿದರೆ ಮುಕ್ಕಾಲು ಯೂನಿಟ್ಟು, ನಮ್ಮ ಮನೆಯ ಗೀಸರು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಮುಗಿಸುವಷ್ಟು. ಅದಕ್ಕೆ ಪ್ಲಗ್ ಇಟ್ಟು ತುಂಬಿಸಿದರೆ ಹವನೂರು ಸರ್ಕಲ್ ದಾಟುತ್ತಲೇ ಖಾಲಿ. ಆದ್ದರಿಂದ ಪ್ಲಗ್ಗಿಗಿಂತ ಮೊದಲು ದೊಡ್ಡ ಬ್ಯಾಟರಿ ಬೇಕು. ಅದಕ್ಕೆ ಡಿಕ್ಕಿಯೇ ಗತಿ. ಇರುವ ಬ್ಯಾಟರಿಯೇ ಡಿಕ್ಕಿಯ ಒಂದು ಪಾಲು ನುಂಗಿದೆ. ಉಳಿದದ್ದೂ ಹೋದರೆ ಊರಿಂದ ಬರುವ ಅಕ್ಕಿ ಮೂಟೆಯನ್ನು ನಮ್ಮ ಮನೆಯವಳು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಈ ವಿಷಯ ಅವಳಿಗೆ ಹೇಳಲು ಧೈರ್ಯ ಸಾಲಲಿಲ್ಲ.

ಈ ಹುಚ್ಚು ನನಗೇ ಮೊದಲು ಹಿಡಿದದ್ದೂ ಅಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೆಲಿಕ್ಸ್ ಕ್ರೇಮರ್ ಅವರ ಕ್ಯಾಲ್‌ಕಾರ್ಸ್ ಗೆಳೆಯರ ಬಳಗ ಗ್ಯಾರೇಜಿನಲ್ಲಿ ಕೂತು ಟೊಯೋಟಾದ ಹೈಬ್ರಿಡ್ ಕಾರಾದ ಪ್ರಿಯಸ್‌ಗೆ ಲೆಡ್ ಆ್ಯಸಿಡ್ ಬ್ಯಾಟರಿ ಜೋಡಿಸಿ ಪ್ಲಗ್ ಇಟ್ಟಿತ್ತು. ಕಂಪನಿಯೋ, ಆಗ ಪ್ಲಗ್ ಬೇಡವೆನ್ನುವುದನ್ನೇ ಹೆಗ್ಗಳಿಕೆಯೆಂದು ಜಾಹೀರಾತು ಮಾಡುತ್ತಿತ್ತು. 2008ರ ಹೊತ್ತಿಗೆ ಹೈಮೋಷನ್ ಎಂಬ ಕಿಟ್ಟೇ ಮಾರಾಟಕ್ಕೆ ಬಂತು. ಐದು ಯೂನಿಟ್ಟಿನ ಬ್ಯಾಟರಿಗೆ ಸುಮಾರು ಹತ್ತು ಸಾವಿರ ಡಾಲರು, ಆಗಿನ ಲೆಕ್ಕಕ್ಕೆ ನಾಲ್ಕು ಲಕ್ಷ ರೂಪಾಯಿಗೂ ಮಿಕ್ಕಿ. 2012ರಲ್ಲಿ ಟೊಯೋಟಾ ತಾನೇ ಪ್ಲಗ್ಗಿರುವ ಪ್ರಿಯಸ್ ಮಾರತೊಡಗಿತು. ಕಾರಣಗಳು ಬೇರೆ ಇದ್ದವು, ಆದರೂ ಕಿಟ್ಟಿನ ಒಡೆಯರಾದ ಎ123 ಕಂಪನಿ ದಿವಾಳಿ ಅರ್ಜಿ ಹಾಕಿದ್ದು ಅದೇ ವರ್ಷ. ನಮ್ಮಲ್ಲೂ 2010ರಲ್ಲಿ ಪುಣೆಯ ಕೆಪಿಐಟಿ ಕಮಿನ್ಸ್ 'ರೆವೊಲೊ' ಎಂಬ ಕಿಟ್ಟು ಘೋಷಿಸಿತ್ತು, ಹಳೇ ಪೆಟ್ರೋಲ್ ಕಾರನ್ನು ಪ್ಲಗ್ಗಿನ ಹೈಬ್ರಿಡ್ ಮಾಡುವಂಥದ್ದು. ನಾನು ಕಣ್ಣಾರೆ ಕಾಣಲಿಲ್ಲ.

ಈಗ ಲೆಕ್ಕ ಹಾಕಿ. ಲೀಟರಿಗೆ 25 ಕಿ.ಮೀ. ಓಡುವ ಕಾರಿಗೆ, ಪೆಟ್ರೋಲು ನೂರರ ಆಸುಪಾಸು ಇರುವಾಗ, ಕಿಲೋಮೀಟರಿಗೆ ನಾಲ್ಕು ರೂಪಾಯಿ ಖರ್ಚು. ಕರೆಂಟು ಪೂರಾ ಬಿಟ್ಟಿ ಸಿಕ್ಕಿದರೂ ನಾಲ್ಕು ಲಕ್ಷ ಗಿಟ್ಟಲು ಒಂದು ಲಕ್ಷ ಕಿ.ಮೀ. ಓಡಬೇಕು. ನಾನು ಹೋಗುವುದು ಹೆಚ್ಚೆಂದರೆ ಕೆಂಗೇರಿಗೆ. ಲಕ್ಷ ಕಿ.ಮೀ. ಆಗುವಷ್ಟು ಸಲ ಭಾವನ ಮನೆಗೆ ಹೋದರೆ ಕಿಟ್ಟಿನ ಹಣ ವಾಪಸು ಬರಬಹುದು, ಸಂಬಂಧ ಉಳಿಯುವುದಿಲ್ಲ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಒಪ್ಪಿಗೆ ಪಡೆದ ಕಿಟ್ಟಲ್ಲದೆ ಕಾರಿನ ಮೂಲ ರೂಪ ಬದಲಿಸುವಂತಿಲ್ಲ, ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಅಂದರೆ ರಾಜಾಜಿನಗರದ ಆರ್‌ಟಿಒ ಮೆಟ್ಟಿಲು. ಹೈಬ್ರಿಡ್ ಬ್ಯಾಟರಿಗಿರುವ ಎಂಟು ವರ್ಷದ ವಾರಂಟಿಯನ್ನು ಕಾಮಾಕ್ಷಿಪಾಳ್ಯದ ಸಾಕೆಟ್ಟು ಒಂದೇ ದಿನದಲ್ಲಿ ಮುಗಿಸಬಲ್ಲದು.

ಹಾಗಾದರೆ ಪ್ಲಗ್ಗಿರುವ ಹೈಬ್ರಿಡ್ಡನ್ನೇ ಕೊಳ್ಳಬಾರದೇಕೆ? 2016ರಲ್ಲಿ ನಮ್ಮ ದೇಶಕ್ಕೆ ಬಂದ ವೋಲ್ವೊ ಎಕ್ಸ್‌ಸಿ90 ಟಿ8 ಅಂಥದ್ದೇ. ಆಗ ಅದರ ಬೆಲೆ 1.25 ಕೋಟಿ. ಆ ದುಡ್ಡಿಗೆ ಕೆಂಗೇರಿ ಆಚೆ ಬಾಲ್ಕನಿ ಇರುವ ಫ್ಲ್ಯಾಟು ಬರುತ್ತದೆ, ಅದರ ಜೊತೆ ಪಾರ್ಕಿಂಗೂ ಬರುತ್ತದೆ, ಪಾರ್ಕಿಂಗಿನಲ್ಲಿ ಪ್ಲಗ್ಗೂ ಇರುತ್ತದೆ.

ಈ ಪ್ಲಗ್ಗೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಾವು ಬಾಡಿಗೆಗಿರುವುದು ಮೇಲಿನ ಮನೆಯಲ್ಲಿ. ಕಾರು ನಿಲ್ಲುವ ಜಾಗದ ಸಾಕೆಟ್ಟು ಓನರ್ ಆಂಟಿಯ ಮೀಟರಿಗೆ ಸೇರಿದ್ದು. 2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗ ಕಿಟಕಿಯಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡಿಕೊಂಡವರಿದ್ದರು, ಆಗ ಸರ್ಕಾರದ ಗೃಹಜ್ಯೋತಿ ಯೋಜನೆ ಇರಲಿಲ್ಲ. ಈಗ ಇದೆ. 2023ರಿಂದ, 2022-23ರ ಸರಾಸರಿಗೆ ಶೇಕಡಾ 10 ಸೇರಿಸಿದಷ್ಟು ಕರೆಂಟು ಬಿಟ್ಟಿ. ಬಳಕೆ 200 ಯೂನಿಟ್ ದಾಟಿದರೆ ಮಾತ್ರ ಇಡೀ ಬಿಲ್ಲು ಕಟ್ಟಬೇಕು. ನನ್ನ ಯೋಚನೆ ಹೇಳಿದಾಗ ಆಂಟಿ ಕ್ಯಾಲ್ಕುಲೇಟರ್ ಹುಡುಕಲೂ ಇಲ್ಲ.

"ನಮ್ಮದು ತಿಂಗಳಿಗೆ ನೂರೈವತ್ತು ಬರುತ್ತೆ. ನಿಮ್ಮ ಕಾರು ದಿನಾ ಐದು ಯೂನಿಟ್ ಕುಡಿದ್ರೆ ಅದೂ ನೂರೈವತ್ತು. ಮುನ್ನೂರಾಯ್ತು. ನಿಮ್ಮ ಪೆಟ್ರೋಲ್ ಉಳಿಸೋಕೆ ನನ್ನ ಸೊನ್ನೆ ಬಿಲ್ ಯಾಕೆ ಕಳ್ಕೊಳ್ಳಲಿ ಹೇಳಿ?"

ಬ್ಯಾಟರಿ, ಕಿಟ್ಟು, ಕಾಯ್ದೆ ಎಲ್ಲ ಓದಿಕೊಂಡು ಹೋಗಿದ್ದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸಬ್ ಮೀಟರ್ ಹಾಕಿಸಿ ಯೂನಿಟ್ಟಿಗಿಷ್ಟೆಂದು ಕೊಡುತ್ತೇನೆ ಎಂದೆ. "ಬಾಡಿಗೆ ಜಾಸ್ತಿ ಮಾಡೋ ತಿಂಗಳೂ ಬಂತು, ಒಟ್ಟಿಗೇ ಮಾತಾಡೋಣ" ಎಂದರು. ನಾನು ಮೇಲೆ ಬಂದೆ.

ಸರ್ಕಾರದ ಲೆಕ್ಕವೂ ಹೀಗೇ ವಿಚಿತ್ರ. 2024ರ ಜುಲೈನಲ್ಲಿ ಉತ್ತರ ಪ್ರದೇಶ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆ ಮನ್ನಾ ಮಾಡಿತು. ಆಗ ಬಿಡದಿಯಲ್ಲಿ ಹುಟ್ಟಿದ ಕಾರು ಲಖನೌಗೆ ಹೋಗಿದ್ದರೆ ಅಳಿಯನಾಗುತ್ತಿತ್ತು, ಬಸವೇಶ್ವರನಗರದಲ್ಲಿ ಉಳಿದದ್ದಕ್ಕೆ ಪೆಟ್ರೋಲ್ ಕಾರಿನಷ್ಟೇ ತೆರಿಗೆ ಇತ್ತು.

ನನ್ನ ತೀರ್ಮಾನ ಇಷ್ಟು: ಹೈಬ್ರಿಡ್ ಇದ್ದವರು ಅದನ್ನು ಕೊಯ್ಯಲು ಹೋಗದೆ ಹಾಗೇ ಓಡಿಸಿ, ಸುಮನಹಳ್ಳಿ ಜಾಮೇ ಅದಕ್ಕೆ ಚಾರ್ಜರು. ಪ್ಲಗ್ಗಿನ ಆಸೆ ತಡೆಯಲಾಗದವರು, ಸ್ವಂತ ಪಾರ್ಕಿಂಗೂ ಸ್ವಂತ ಮೀಟರೂ ಇದ್ದರೆ, ಪೂರಾ ಎಲೆಕ್ಟ್ರಿಕ್ ಕಾರನ್ನೇ ತನ್ನಿ. ಬಾಡಿಗೆ ಮನೆಯವರು ಮಾತ್ರ ಶೋರೂಮಿಗೆ ಹೋಗುವ ಮೊದಲು ಕೆಳಗಿನ ಮನೆಯ ಬಾಗಿಲು ತಟ್ಟಿ, ಅದೂ ಬಾಡಿಗೆ ಏರುವ ತಿಂಗಳು ಬಿಟ್ಟು.