ಛೇದವಿಲ್ಲದ ಫ್ಲೆಕ್ಸು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನೂರಕ್ಕೆ ನೂರು ಬಂದ ಶಾಲೆಗಳೆಷ್ಟು, ಸೊನ್ನೆ ಸುತ್ತಿದ ಶಾಲೆಗಳೆಷ್ಟು ಎಂದು ಇಲಾಖೆ ಲೆಕ್ಕ ಕೊಡುತ್ತದೆ. ಒಂದಕ್ಕೆ ಹಾರ, ಇನ್ನೊಂದಕ್ಕೆ ಛೀಮಾರಿ. ಎರಡೂ ಪಟ್ಟಿಗೆ ಸಣ್ಣ ಶಾಲೆ ಸಲೀಸಾಗಿ ನುಗ್ಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಆರೇ ಮಕ್ಕಳು ಅಂತಿಟ್ಟುಕೊಳ್ಳಿ. ಆರೂ ಪಾಸಾದರೆ ಹೆಡ್‌ಮಾಸ್ಟರಿಗೆ ಮೈಸೂರು ಪೇಟ, ಶಾಲು. ಮರುವರ್ಷ ಗಣಿತದಲ್ಲಿ ಇಬ್ಬರು ಜಾರಿದರೆ ಫಲಿತಾಂಶ ಶೇ 67. ಅದೇ ಹೆಡ್‌ಮಾಸ್ಟರು ಬಿಇಒ ಆಫೀಸಿನ ಬೆಂಚಿನ ಮೇಲೆ ಸಮಜಾಯಿಷಿ ಬರೆಯುತ್ತಾ ಕೂತಿರುತ್ತಾರೆ. ಆರುನೂರು ಮಕ್ಕಳ ಶಾಲೆಯಲ್ಲಿ ಇಬ್ಬರು ಫೇಲಾದರೆ ಅವರ ಅಪ್ಪ ಅಮ್ಮನ ಹೊರತು ಯಾರಿಗೂ ಗೊತ್ತಾಗುವುದಿಲ್ಲ.

ದೊಡ್ಡ ಕಾಲೇಜಿನ ಫ್ಲೆಕ್ಸು ನೋಡಿರುತ್ತೀರಿ. ನಡುವೆ ಮೂವರ ದೊಡ್ಡ ಮುಖ, ಸುತ್ತ ಅಂಚೆಚೀಟಿ ಗಾತ್ರದಲ್ಲಿ ಇನ್ನೂರು ಮುಖ, ಪ್ರತಿ ಮುಖದ ಕೆಳಗೂ ರ‍್ಯಾಂಕು. ಪರೀಕ್ಷೆ ಬರೆದವರು ಎಷ್ಟು ಸಾವಿರ ಎಂಬುದು ಎಲ್ಲೂ ಇಲ್ಲ. ಭಿನ್ನರಾಶಿಯ ಮೇಲಿರುವುದು ಅಂಶ, ಕೆಳಗಿರುವುದು ಛೇದ ಎಂದು ಪ್ರೈಮರಿ ಸ್ಕೂಲಲ್ಲೇ ಕಲಿಸುತ್ತಾರೆ. ಫ್ಲೆಕ್ಸು ಪ್ರಿಂಟ್ ಮಾಡುವವನು ಛೇದಕ್ಕೆ ಜಾಗ ಬಿಡುವುದಿಲ್ಲ, ಪಾಪ, ಅಷ್ಟಕ್ಕೆ ಯಾರೂ ದುಡ್ಡು ಕೊಟ್ಟಿರುವುದಿಲ್ಲ.

ಪಾಂಡವಪುರದ ಹತ್ತಿರದ ತೊಣ್ಣೂರಿನ ಸುತ್ತಲಿನ ಹಳ್ಳಿಗಳ ಶಾಲೆಯ ಗಣಿತ ಬೇರೆ. ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರು 'ಹೆಚ್ಚುವರಿ' ಆಗುತ್ತಾರೆ. ಹೆಚ್ಚುವರಿಯಾದವರನ್ನು ಬೇರೆ ಶಾಲೆಗೆ ಎತ್ತುತ್ತಾರೆ. ಮೇಷ್ಟ್ರಿಲ್ಲದ ಶಾಲೆಗೆ ಯಾಕೆ ಕಳಿಸಲಿ ಎಂದು ಇನ್ನಿಬ್ಬರು ತಂದೆಯರು ಮಕ್ಕಳನ್ನು ಪ್ಯಾಟೆಯ ಕಾನ್ವೆಂಟಿನ ಹಳದಿ ವ್ಯಾನು ಹತ್ತಿಸುತ್ತಾರೆ. ಸಂಖ್ಯೆ ಮತ್ತೆ ಇಳಿಯಿತಲ್ಲ, ಇನ್ನೊಬ್ಬ ಮೇಷ್ಟ್ರು ಹೆಚ್ಚುವರಿ. ಖಾಲಿ ಕುರ್ಚಿಗೆ ಅತಿಥಿ ಶಿಕ್ಷಕರು ಬರುತ್ತಾರೆ. ಹೆಸರೇ ಹೇಳುವಂತೆ, ಉಳಿಯಲು ಬಂದವರಲ್ಲ.

ಸಿಇಟಿಗೆ ಇದ್ಯಾವುದೂ ಬೇಡ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನಿನ್ನ ಹೈಸ್ಕೂಲು ಎಷ್ಟು ದೊಡ್ಡದಿತ್ತು, ವಿಜ್ಞಾನಕ್ಕೆ ಮೇಷ್ಟ್ರು ಇದ್ದರಾ ಎಂದು ಅದು ಕೇಳುವುದಿಲ್ಲ. ಕೇಳುವುದು ಶಾಲೆ ಯಾವ ಗಡಿಯೊಳಗಿತ್ತು ಎಂದು. ಗ್ರಾಮೀಣ ಕೋಟಾ ಶೇ 15. ಒಂದರಿಂದ ಹತ್ತರವರೆಗೆ, ಹತ್ತು ವರ್ಷವೂ ಹಳ್ಳಿಯಲ್ಲೇ ಓದಿರಬೇಕು. ಹೆಡ್‌ಮಾಸ್ಟರ ಸಹಿ, ಬಿಇಒ ಮೇಲುಸಹಿ, ಮೇಲೊಂದು ದುಂಡನೆ ಸೀಲು.

ಈಗ ನಮ್ಮ ರೈತನೊಬ್ಬ ಇದ್ದಬದ್ದ ಕಬ್ಬಿನ ದುಡ್ಡು ಸೇರಿಸಿ ಮಗಳನ್ನು ಒಂಬತ್ತನೇ ಕ್ಲಾಸಿಗೆ ಪಾಂಡವಪುರಕ್ಕೆ ಹಾಕುತ್ತಾನೆ. ಪಾಂಡವಪುರ ಪುರಸಭೆ, ಆದ್ದರಿಂದ ನಗರ. ಎಂಟು ವರ್ಷದ ಹಳ್ಳಿತನ ಆ ಎರಡು ವರ್ಷದ ಬಸ್ ಪಾಸಿನಲ್ಲಿ ಕರಗಿಹೋಯಿತು. ಅತ್ತ ಮಹಾನಗರದ ಗಡಿ ದಾಟಿದ ಕೂಡಲೇ ಸಿಗುವ, ಕುದುರೆ ಸವಾರಿ, ಈಜುಕೊಳ ಇರುವ ವಸತಿ ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಅದು ಹಳ್ಳಿ ಶಾಲೆ. ಜನರಲ್ ಮೆರಿಟ್ಟಿನವರಿಗೆ ಆದಾಯದ ಕಾಗದವೂ ಬೇಕು, ನಿಜ. ಆದಾಯದ ಕಾಗದದ ಮಹಿಮೆ ನಾನು ಹೇಳಬೇಕಾಗಿಲ್ಲ. ರೈತ ಏನನ್ನಬಹುದು? "ಹಳ್ಳೀಲೇ ಬುಟ್ಟಿದ್ರೆ ಸೀಟು ಸಿಗೋದಂತೆ ಸಾ. ಮಗೀಗೆ ಒಳ್ಳೇದಾಗ್ಲಿ ಅಂತ ಪ್ಯಾಟೆಗೆ ಹಾಕಿ ಕೆಟ್ಟೆ."

ಗಡಿ ಬಿಟ್ಟು ಶಾಲೆಯೊಳಗಿನ ಸ್ಥಾನವನ್ನೇ ನೋಡಿದರೆ? ಅಮೆರಿಕದ ಟೆಕ್ಸಾಸ್ ರಾಜ್ಯ 1997ರಲ್ಲಿ ಅಂಥದ್ದೊಂದು ಕಾನೂನು ಮಾಡಿತು: ಯಾವ ಹೈಸ್ಕೂಲಾದರೂ ಸರಿ, ಕ್ಲಾಸಿನ ಮೊದಲ ಶೇ 10ರೊಳಗೆ ಬಂದರೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಸೀಟು ಖಾತ್ರಿ. ಜಾಣ ಅಪ್ಪ ಅಮ್ಮಂದಿರು ಸುಮ್ಮನಿದ್ದರೇ? ಕೆಲವರು ಮಕ್ಕಳನ್ನು ಪೈಪೋಟಿ ಕಡಿಮೆಯಿರುವ ಶಾಲೆಗೆ ಸಾಗಿಸಿದ್ದನ್ನು ಅಲ್ಲಿನ ಅರ್ಥಶಾಸ್ತ್ರಜ್ಞರು ಪತ್ತೆ ಮಾಡಿದರು.

ಅದೇ ಕಾನೂನು ತೊಣ್ಣೂರಿಗೆ ಬಂತು ಅನ್ನಿ. ಕ್ಲಾಸಿನಲ್ಲಿ ಒಂಬತ್ತು ಮಕ್ಕಳು. ಶೇ 10 ಅಂದರೆ 0.9. ದಶಮಾಂಶವನ್ನು ಪರಿಗಣಿಸತಕ್ಕದ್ದಲ್ಲ ಎಂದು ಬೆಂಗಳೂರಿನಿಂದ ಸುತ್ತೋಲೆ. ಹತ್ತನೆಯ ಮಗುವಿಗಾಗಿ ಊರೆಲ್ಲ ನಂಬಿ ನಾರಾಯಣನಿಗೆ ಹರಕೆ ಹೊರುತ್ತದೆ. ದೇವರು ಕಣ್ಣುಬಿಡುತ್ತಾನೆ. ಭಾನುವಾರ ಮಾತ್ರ ಕೆರೆಗೆ ಈಜಲು ಬರುತ್ತಿದ್ದ ಮೈಸೂರಿನ ಕಾರೊಂದು ಸೋಮವಾರ ಶಾಲೆಯ ಮುಂದೆ ನಿಲ್ಲುತ್ತದೆ. ಎರಡು ವರ್ಷ ಕೋಚಿಂಗ್ ಮುಗಿಸಿದ ಹುಡುಗ ಟಿಸಿ ಹಿಡಿದು ಇಳಿಯುತ್ತಾನೆ. ಸಂಖ್ಯೆ ಹತ್ತಾಯಿತು, ಒಂದು ಸೀಟು ಹುಟ್ಟಿತು, ಅದು ಅವನದೇ. ಹೆಚ್ಚುವರಿ ಪಟ್ಟಿಯಿಂದ ಪಾರಾದ ಗಣಿತದ ಮೇಷ್ಟ್ರು ಅವನಿಗೆ ಹಾರ ಹಾಕುತ್ತಾರೆ. ಇಷ್ಟು ದಿನ ಕ್ಲಾಸಿಗೆ ಮೊದಲಿಗಳಾಗಿದ್ದ ಹುಡುಗಿ ಚಪ್ಪಾಳೆ ತಟ್ಟಬೇಕು.